ಬಾವ, ಭಾವ

ಮಾವನವರ ಅಚ್ಚುಕೂಟದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದರ ಮುಂದೆ ಕೂರುವ ಸೊಸೆಯರು ಇಬ್ಬರು. ಬೆಳಿಗ್ಗೆ ಹಿರಿಯವಳು, ಮಧ್ಯಾಹ್ನ ಕಿರಿಯವಳು. ಆ ವಾರ ಟೈಪಾಗುತ್ತಿದ್ದದ್ದು ಸಂಗೀತದ ಟೀಚರೊಬ್ಬರ ಆತ್ಮಕಥೆ. ತಂದೆಯಿಲ್ಲದ ಅವರನ್ನು ಸಾಕಿ, ಹಾಡು ಕಲಿಸಿದವರು ಅಕ್ಕನ ಗಂಡ. ಹಾಗಾಗಿ ಪುಟಪುಟದಲ್ಲೂ ಒಂದೋ ಬಾವ, ಇಲ್ಲವೇ ಹಾಡಿನ ಭಾವ. ಕೈಬರಹದಲ್ಲಿ ಟೀಚರ್ ಎರಡನ್ನೂ 'ಭಾವ' ಎಂದೇ ಬರೆದಿದ್ದರು. "ಅಚ್ಚಿನಲ್ಲಿ ಮಾತ್ರ ನಮ್ಮ ಬಾವನಿಗೆ ಕೆಳಗಿನ ಸೀಳು ಬೇಡಮ್ಮ, ಬರೀ 'ಬ' ಸಾಕು" ಎಂದು ಹೇಳಿಹೋಗಿದ್ದರು.

'ಭ' ಮೂಡಬೇಕಾದರೆ ಶಿಫ್ಟ್ ಕೀಲಿ ಒತ್ತಬೇಕು; ಹಿರಿಯವಳ ಬೆರಳಿಗೂ ಅದಕ್ಕೂ ಆಗಿಬರದು. ಅದಕ್ಕೇ ಅವಳು 'ಬಾವ' ಎಂದು ಒತ್ತಿದರೆ ತಾನಾಗಿ 'ಭಾವ' ಆಗುವಂತೆ ಯಂತ್ರಕ್ಕೆ ಹೇಳಿಕೊಟ್ಟಿದ್ದಳು. ಕಿರಿಯವಳಿಗೆ ಇದು ಗೊತ್ತಿಲ್ಲ. ಅವಳು ಬಾವನನ್ನು ಕರೆದಾಗಲೆಲ್ಲ ಭಾವ ಬಂದು ಕೂರುತ್ತಿತ್ತು. ಅಳಿಸಿದಳು, ಮತ್ತೆ ಒತ್ತಿದಳು, ಮತ್ತೆ ಅದೇ. ತಲೆಕೆಟ್ಟು ತಾನೂ ಒಂದು ನಿಯಮ ಸೇರಿಸಿದಳು: 'ಭಾವ' ಎಂದು ಬಂದರೆ 'ಬಾವ' ಮಾಡು. ಯಂತ್ರ ಇಬ್ಬರ ಮಾತನ್ನೂ ಕೇಳಿತು. ಏನು ಒತ್ತಿದರೂ ಅದರ ಉಲ್ಟಾ ಮೂಡತೊಡಗಿತು. ಮರುದಿನ ಬೆಳಿಗ್ಗೆ ಹಿರಿಯವಳು, ಸಂಗೀತದ ಪುಸ್ತಕವಲ್ಲವೇ ಎಂದು, ಎಂದೂ ಇಲ್ಲದ ಕಾಳಜಿಯಿಂದ ಶಿಫ್ಟ್ ಒತ್ತಿದ್ದೇ ತಪ್ಪಾಯಿತು.

ಮಾವ ಕರಡು ಓದಿ ಕನ್ನಡಕ ತೆಗೆದರು. "'ಬಾವ ಗಂಟಲಿನಿಂದ ಬರಬಾರದು, ಎದೆಯಿಂದ ಬರಬೇಕು.' ಏನಮ್ಮ ಇದು? ಇಲ್ಲಿ ನೋಡಿದ್ರೆ, 'ಭಾವ ಸ್ನಾನ ಮುಗಿಸಿ ಈಚೆ ಬಂದರು'!"

"ನಾನು ಸರಿಯಾಗೇ ಹೊಡೆದಿದ್ದೀನಿ ಮಾವ. ಇವಳೇ ಏನೋ ಮಾಡಿಟ್ಟಿದ್ದಾಳೆ" ಎಂದಳು ಹಿರಿಯವಳು.

"ಮೊದಲು ಕೈ ಹಾಕಿದ್ದು ನೀವಕ್ಕ. ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂದ್ರೆ ನೀನು ಬರೋದೇ ಊಟ ಆದ್ಮೇಲೆ!"

ಮುಖ ಊದಿಸಿಕೊಂಡೇ ಇಬ್ಬರೂ ತಮ್ಮ ತಮ್ಮ ನಿಯಮಗಳನ್ನು ಅಳಿಸಿದರು. ಕಿರಿಯವಳು ನೀರು ಕುಡಿದು ಬರುವಷ್ಟರಲ್ಲಿ ಮಾವನೇ ಕುರ್ಚಿಯಲ್ಲಿ ಕೂತಿದ್ದರು.

"ಇಷ್ಟಕ್ಕೆಲ್ಲ ಜಗಳ ಯಾಕೆ? ಇಡೀ ಪುಸ್ತಕಕ್ಕೆ 'ಭಾವ' ಅಂತ ಒಂದೇ ಮಾಡ್ಬಿಟ್ಟೆ. ಸೇವ್ ಕೂಡ ಮಾಡಿದ್ದೀನಿ."

ಕಿರಿಯವಳಿಗೆ ಕೂಗಬೇಕೋ ಅಳಬೇಕೋ ತಿಳಿಯಲಿಲ್ಲ. ಸರಿಯಿದ್ದ ಪುಟಗಳೂ ಹೋದವು. ಮಾವನನ್ನು ಬೈಯುವಂತಿಲ್ಲ, ಇಬ್ಬರೂ ಒಟ್ಟಿಗೆ ಕೂತರು. ಹಿರಿಯವಳು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದಳು, ಕಿರಿಯವಳು ತಿದ್ದಿದಳು. ಬೇರೆ ಮಾತಿಲ್ಲ. ಮನುಷ್ಯ ಸಿಕ್ಕರೆ ಸೀಳು ತೆಗೆ, ಹಾಡು ಸಿಕ್ಕರೆ ಬಿಡು. ಕಿರಿಯವಳ ಕುತ್ತಿಗೆ ಹಿಡಿದುಕೊಂಡಿತು, ಹಿರಿಯವಳ ಗಂಟಲು ಕಟ್ಟಿತು.

ಒಂದು ಸಾಲಿನಲ್ಲಿ ಇಬ್ಬರೂ ನಿಂತರು. "ಭಾವ ಇಲ್ಲದ ಮೇಲೆ ಹಾಡಿ ಏನು?"

"ಹಾಡಿನದ್ದು" ಎಂದಳು ಹಿರಿಯವಳು.

"ಮನುಷ್ಯಂದು" ಎಂದಳು ಕಿರಿಯವಳು.

ಜಗಳಕ್ಕೂ ತ್ರಾಣವಿಲ್ಲದೆ ಟೀಚರಿಗೇ ಫೋನ್ ಮಾಡಿದರು. ಆ ಸಾಲನ್ನು ಅವರು ಇನ್ನೊಮ್ಮೆ ಓದಿಸಿಕೊಂಡರು.

"ನಮ್ಮ ಬಾವನೇ ಕಣಮ್ಮ. ಅವರು ಹೋದ ಮೇಲೆ ನಾನು ಬರೀ ಪಾಠ ಹೇಳಿದೆ. ಹಾಡಲಿಲ್ಲ."

ಫೋನಿಟ್ಟ ಹಿರಿಯವಳು ತಾನೇ ಕೈ ಚಾಚಿ ಆ ಪದವನ್ನು ತಿದ್ದಿದಳು. ಕಿರಿಯವಳು ಪುಟ ಕೆಳಕ್ಕೆ ಸರಿಸಿದಳು. ಅರ್ಧ ಪುಸ್ತಕ ಇನ್ನೂ ಬಾಕಿಯಿತ್ತು.

"ಓದಿ ಅಕ್ಕ" ಎಂದಳು.