ಬಿಡಿಸಲಾಗದ ಹನ್ನೆರಡು ಸಾಲು

ಮನೋವಿಜ್ಞಾನದ ಲ್ಯಾಬಿಗೆ ವಿದ್ಯಾರ್ಥಿಗಳು ಬೇಕಾಗಿದ್ದಾರೆ ಎಂಬ ಚೀಟಿ ವಿಭಾಗದ ಗೋಡೆಯ ಮೇಲೆ ಕಂಡ ದಿನವೇ ಅಕ್ಕ-ತಂಗಿಯರಲ್ಲಿ ಚಿಕ್ಕವಳು ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಪ್ರೊಫೆಸರ್ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು, "ನಮ್ಮ ಲ್ಯಾಬೇ ಯಾಕಮ್ಮ?"

"ನಿಮ್ಮ ಹಳೇ ಪ್ರಬಂಧ ಓದಿದೀನಿ ಸರ್. ಜನ ಯಾವಾಗ ಕೈ ಚೆಲ್ತಾರೆ ಅನ್ನೋದರ ಬಗ್ಗೆ ಬರೆದಿದ್ರಲ್ಲ, ಅದು."

ಪ್ರೊಫೆಸರರ ಮುಖ ಊರಗಲವಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಪ್ರಬಂಧವನ್ನು ಹದಿನಾಲ್ಕು ಸಲ ಓದಿದ್ದಳು, ಹದಿನಾಲ್ಕು ಸಲವೂ ಹಲ್ಲು ಕಚ್ಚಿಕೊಂಡು.

ಒಂಬತ್ತು ವರ್ಷದ ಹಿಂದೆ ಅವಳ ಅಕ್ಕ ಇದೇ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದಳು. ಒಂದು ಮಧ್ಯಾಹ್ನ ಗೆಳತಿಯ ಮಾತು ಕೇಳಿ ಯಾವುದೋ ಪ್ರಯೋಗಕ್ಕೆ ಹೋಗಿ ಕೂತಳು. ಹನ್ನೆರಡು ಸಾಲು ಅಂಕಿಗಳು. ಪ್ರತಿ ಸಾಲಿನಲ್ಲೂ ಮುಂದಿನ ಅಂಕಿ ಯಾವುದೆಂದು ಹೇಳಬೇಕು. ಒಂದೂ ಹೊಳೆಯಲಿಲ್ಲ. ಎದುರಿಗೆ ಕೂತವನು ಕೈಗಡಿಯಾರ ನೋಡಿ, "ಇದನ್ನ ಹತ್ತು ವರ್ಷದ ಮಕ್ಕಳು ಬಿಡಿಸ್ತಾರೆ," ಎಂದು ಕಳಿಸಿಬಿಟ್ಟ. ಮನೆಗೆ ಬಂದ ಅಕ್ಕ ಊಟ ಬಿಟ್ಟು ಆ ಸಾಲುಗಳನ್ನೇ ನೆನಪಿನಿಂದ ಬರೆದು ಬರೆದು ಹೊಡೆದುಹಾಕಿದಳು. ಆ ವರ್ಷದ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದು ಬಂದಳು. ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಈಗ ಲಾಂಡ್ರಿಯೊಂದರಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಯಾರಾದರೂ ಲೆಕ್ಕ ಕೇಳಿದರೆ, "ನನ್ನ ತಲೆಗೆ ಅದೆಲ್ಲ ಹತ್ತಲ್ಲ ಬಿಡಿ," ಎಂದು ನಗುತ್ತಾಳೆ. ಆ ನಗು ಚಿಕ್ಕವಳಿಗೆ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತೆ.

ಆ ಸಾಲುಗಳಿಗೆ ಉತ್ತರವೇ ಇರಲಿಲ್ಲ ಎಂದು ಅವಳಿಗೆ ತಿಳಿದದ್ದು ಈ ಪ್ರಬಂಧದಿಂದ. ಅಕ್ಕ ಬರೆದು ಹೊಡೆದುಹಾಕುತ್ತಿದ್ದ ಅವೇ ಹನ್ನೆರಡು ಸಾಲು ಅದರಲ್ಲಿ ಅಚ್ಚಾಗಿದ್ದವು. ಮನಸ್ಸಿಗೆ ಬಂದ ಅಂಕಿಗಳನ್ನು ಸುಮ್ಮನೆ ಜೋಡಿಸಿದ್ದರಂತೆ. ಸೋಲು ಖಚಿತವಾದಾಗ ಜನ ಏನು ಮಾಡುತ್ತಾರೆ ಎಂದು ನೋಡಲಿಕ್ಕೆ. ಕೊನೆಗೆ ಭಾಗವಹಿಸಿದವರೆಲ್ಲರಿಗೂ ನಿಜ ತಿಳಿಸಲಾಯಿತು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಅಕ್ಕನಿಗೆ ಯಾರೂ ತಿಳಿಸಿರಲಿಲ್ಲ. ಚಿಕ್ಕವಳೂ ತಿಳಿಸಲಿಲ್ಲ. ಮೊದಲು ಸಾಕ್ಷಿ ಕೈಗೆ ಸಿಗಲಿ, ಈಗಲೇ ಹೇಳಿದರೆ ಅಕ್ಕ ನೇರ ಹೋಗಿ ಕೇಳಿಬಿಡುತ್ತಾಳೆ, ಅವರು ಎಚ್ಚೆತ್ತುಕೊಳ್ಳುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡಳು.

ಲ್ಯಾಬೆಂದರೆ ನೆಲಮಾಳಿಗೆಯ ನಾಲ್ಕು ಕೋಣೆ. ಒಂದರ ಗೋಡೆಗೆ ಸದ್ದು ಹೀರುವ ಸ್ಪಂಜು. ಇನ್ನೊಂದಕ್ಕೆ ಆಚೆಯಿಂದ ಮಾತ್ರ ಕಾಣುವ ಗಾಜು. ಅವಳು ಬಂದವರನ್ನು ಕೂರಿಸಿದಳು, ಒಪ್ಪಿಗೆ ಪತ್ರ ಓದಿ ಹೇಳಿದಳು, ಗುಂಡಿ ಒತ್ತಿದ ಹೊತ್ತನ್ನು ಗುರುತು ಹಾಕಿದಳು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋದಳು. "ಇಂಥ ಹುಡುಗಿ ಸಿಕ್ಕಿದ್ದು ನಮ್ಮ ಪುಣ್ಯ," ಎಂದರು ಲ್ಯಾಬಿನ ಉಸ್ತುವಾರಿ ಮೇಡಂ. ಅವಳು ಸೇರಿದ ಎಂಟನೇ ತಿಂಗಳು ಅವರೇ ಹಳೇ ಪೆಟ್ಟಿಗೆಗಳ ಬೀಗದ ಕೈ ಕೊಟ್ಟು, "ಎಲ್ಲಾ ಸ್ಕ್ಯಾನ್ ಮಾಡಿಬಿಡಮ್ಮ, ಆಮೇಲೆ ಕಾಗದ ಚೂರು ಮಾಡಿಸೋಣ," ಎಂದರು.

ಮೂರನೇ ಪೆಟ್ಟಿಗೆಯಲ್ಲಿ ಅದಿತ್ತು. 'ನಿಜ ತಿಳಿಸಲಾಗಿದೆ' ಎಂಬ ತಲೆಬರಹದ ಕೆಳಗೆ ನಲವತ್ತಮೂರು ಹೆಸರು, ಫೋನ್ ನಂಬರು, ಪಕ್ಕದಲ್ಲಿ ಸಹಿ. ಸಹಿಯೆಲ್ಲ ಒಂದೇ ಪೆನ್ನು, ಒಂದೇ ಕೈ. ಅಕ್ಕ ಎಡಗೈಯವಳು, ಅವಳ ಅಕ್ಷರ ಹಿಂದಕ್ಕೆ ವಾಲುತ್ತದೆ. ಇಲ್ಲಿ ಅವಳ ಹೆಸರಿನ ಪಕ್ಕದ ಸಹಿ ಮುಂದಕ್ಕೆ ಬಾಗಿತ್ತು. ಪಕ್ಕದ ಚೀಟಿಯಲ್ಲಿ ಪ್ರೊಫೆಸರರ ಅಕ್ಷರ: 'ಹೇಳಿದರೆ ಸುದ್ದಿ ಹಬ್ಬುತ್ತದೆ. ಆಮೇಲೆ ನೋಡೋಣ. ಹಾಳೆ ತುಂಬಿಸಿಡಿ.'

ದೂರು ಅಂದೇ ವಿಶ್ವವಿದ್ಯಾಲಯದ ನೀತಿ ಸಮಿತಿಗೆ ಹೋಯಿತು. ಅದಷ್ಟೇ ಸಾಕಿತ್ತು. ಆದರೆ ಅವಳಿಗೆ ಸಾಲಲಿಲ್ಲ.

ಸೋಮವಾರದ ಸಭೆಯಲ್ಲಿ ಹನ್ನೊಂದು ಜನ ವಿದ್ಯಾರ್ಥಿಗಳ ಎದುರು ಅವಳು ಪ್ರೊಫೆಸರರ ಮುಂದೆ ಒಂದು ಹಾಳೆ ಇಟ್ಟಳು. "ಹೊಸ ಪ್ರಯೋಗಕ್ಕೆ ಅಂತ ಅಂಕಿ ಸಾಲು ಆರಿಸಿದೀನಿ ಸರ್. ಎಷ್ಟು ಹೊತ್ತು ಹಿಡಿಯುತ್ತೆ, ನೀವೇ ಒಮ್ಮೆ ನೋಡಿಬಿಡಿ."

ಅವರಿಗೆ ಗುರುತು ಸಿಗಲಿಲ್ಲ. ಮೊದಲ ಸಾಲಿಗೆ ಹುಬ್ಬೇರಿಸಿದರು, ಎರಡನೆಯದಕ್ಕೆ ಹಾರಿದರು, ಮತ್ತೆ ಹಿಂದಕ್ಕೆ ಬಂದರು. ಹತ್ತು ನಿಮಿಷ. ಯಾರೋ ಕೆಮ್ಮಿದರು. ಹದಿನೈದು. ಪೆನ್ಸಿಲಿನ ಮೊನೆ ಮುರಿಯಿತು, ಅಂಗಿಯ ಕಾಲರು ಬೆವರಿಗೆ ಒದ್ದೆಯಾಯಿತು.

"ಹತ್ತು ವರ್ಷದ ಮಕ್ಕಳು ಬಿಡಿಸ್ತಾರೆ ಸರ್," ಎಂದಳು ಮೆಲ್ಲಗೆ.

"ಏನಮ್ಮ ಇದು, ಎಲ್ಲೋ ತಪ್ಪಿದೆ," ಎಂದು ಅವರು ಗದರಿದರು.

"ತಪ್ಪೇನಿಲ್ಲ. ಇದಕ್ಕೆ ಉತ್ತರ ಇಲ್ಲ. ನೀವೇ ಮಾಡಿಸಿದ್ದು. ನನ್ನ ಅಕ್ಕ ಒಂಬತ್ತು ವರ್ಷದಿಂದ ಬಿಡಿಸ್ತಾ ಇದಾಳೆ." ಸಹಿಗಳ ಹಾಳೆಯ ಪ್ರತಿಯನ್ನು ಎಲ್ಲರಿಗೂ ಹಂಚಿದಳು.

ಅವರ ಮುಖ ಬಿಳಿಚಿಕೊಂಡದ್ದನ್ನು ಅವಳು ಕಣ್ಣು ಪಿಳುಕಿಸದೆ ನೋಡಿದಳು. ಅಯ್ಯೋ ಪಾಪ ಅನ್ನಿಸಲಿಲ್ಲ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ಗೆದ್ದ ಉತ್ಸಾಹದಲ್ಲಿ ಲಾಂಡ್ರಿಗೇ ಹೋಗಿ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಉತ್ತರ ಇರಲಿಲ್ವಾ?"

"ಇರಲಿಲ್ಲ ಕಣೇ."

"ಇದು ನಿನಗೆ ಯಾವಾಗ ಗೊತ್ತಾಯ್ತು?"

ಚಿಕ್ಕವಳ ಉತ್ಸಾಹ ಅಲ್ಲೇ ಜರ್‍ರನೆ ಇಳಿಯಿತು. "ಲ್ಯಾಬಿಗೆ ಸೇರೋಕೆ ಮುಂಚೆ."

"ಅಂದ್ರೆ ಎಂಟು ತಿಂಗಳು ದಿನಾ ನನ್ನ ಜೊತೆ ಕೂತು ಊಟ ಮಾಡಿದೀಯ," ಎಂದಳು ಅಕ್ಕ. "ಆ ಪ್ರೊಫೆಸರಿಗೆ ನಾನು ಯಾರೂ ಅಲ್ಲ. ನಿನಗೆ?"

ಸಾಕ್ಷಿ, ಎಚ್ಚರಿಕೆ ಎಂದು ಚಿಕ್ಕವಳು ಏನೇನೋ ತೊದಲಿದಳು. ಅಕ್ಕ ಹಾಸಿಗೆ ಬಟ್ಟೆ ಮಡಚತೊಡಗಿದ್ದಳು.

ಪ್ರಬಂಧವನ್ನು ಅಚ್ಚು ಹಾಕಿದ್ದ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಪ್ರೊಫೆಸರರು ಲ್ಯಾಬು ಬಿಟ್ಟು, ವರ್ಷ ಮುಗಿಯುವ ಮೊದಲೇ ನಿವೃತ್ತಿ ತೆಗೆದುಕೊಂಡರು. ಸಮಿತಿಯ ಮುಂದೆ ಅಕ್ಕ ಒಬ್ಬಳೇ ಹೋಗಿ ಮಾತಾಡಿ ಬಂದಳು, ತಂಗಿಯನ್ನು ಕರೆಯಲಿಲ್ಲ. ಎರಡು ತಿಂಗಳು ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎಂಬುದರಾಚೆ ಮಾತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಬಂದು ಅವಳ ಮಂಚದ ತುದಿಯಲ್ಲಿ ಕೂತಳು. "ಉಳಿದ ನಲವತ್ತೆರಡು ಜನಕ್ಕೆ ಯಾರಾದ್ರೂ ಹೇಳಿದಾರಾ?"

"ಸಮಿತಿಯವರು ಕಾಗದ ಹಾಕ್ತಾರಂತೆ."

"ಕಾಗದ ಯಾರು ಓದ್ತಾರೆ. ಆ ಪಟ್ಟಿ ತಾ."

ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತರು. ಚಿಕ್ಕವಳು ನಂಬರು ಒತ್ತಿದಳು, ಅಕ್ಕ ಮಾತಾಡಿದಳು. ಒಬ್ಬನಿಗೆ ನೆನಪೇ ಇರಲಿಲ್ಲ, ಇನ್ನೊಬ್ಬಳು ನಕ್ಕುಬಿಟ್ಟಳು. ಏಳನೆಯವರು ಪೂರ್ತಿ ಕೇಳಿಸಿಕೊಂಡು, "ಇನ್ನೊಂದು ಸಲ ಹೇಳಿ," ಎಂದರು. ಅಕ್ಕ ಮೊದಲಿನಿಂದ ನಿಧಾನವಾಗಿ ಹೇಳಿದಳು.