ಎರಡು ದಿನದ ಮರ್ಯಾದೆ

ಬಾಂಜುಲಿನ ಗಡಿ ಬಾಂಧವ್ಯ ಕಚೇರಿಯಲ್ಲಿ ಅತಿಥಿ ಸತ್ಕಾರದ ಹೊಣೆ ಹೊತ್ತು ಮೂವತ್ತೊಂದು ವರ್ಷ ಕಳೆದಿದ್ದ ನ್ಯೀಮಾ ಜಾರ್ಜುಗೆ, ಬಂದವರನ್ನು ಬೈಯಬೇಡ ಎಂದು ಹೇಳುವ ಧೈರ್ಯ ಆ ತನಕ ಯಾರಿಗೂ ಬಂದಿರಲಿಲ್ಲ. ಬಂದದ್ದು ಹೊಸ ಕಾರ್ಯದರ್ಶಿ ಅನ್ಸುಮಾನಾ ಸವಾನೆಗೆ. ಎಂಟು ವರ್ಷ ಯುರೋಪಿನಲ್ಲಿ ರಾಜತಂತ್ರ ಓದಿ, ಇಸ್ತ್ರಿ ಹಾಕಿದ ಕೋಟಿನ ಜೊತೆಗೆ ಇಸ್ತ್ರಿ ಹಾಕಿದ ಮುಖವನ್ನೂ ತಂದಿದ್ದ ಮನುಷ್ಯ ಅವನು.

“ನಾಳೆ ಗಡಿ ಮಾತುಕತೆಗೆ ಪಕ್ಕದ ದೇಶದ ಪರವಾಗಿ ಡಾಕಾರಿನಿಂದ ಲತೀರ್ ಫಾಯ್ ಬರ್ತಿದ್ದಾರೆ,” ಎಂದ ಸವಾನೆ. “ಅವರು ಸೆರೇರ್ ಜನ, ನೀವು ಜೋಲಾ. ನಿಮ್ಮ ನಿಮ್ಮಲ್ಲಿ ಏನು ನಡೆಯುತ್ತೆ ಅಂತ ನಂಗೆ ಗೊತ್ತಿಲ್ಲದ್ದೇನಲ್ಲ. ಗುಲಾಮ, ಕಳ್ಳ, ಹೊಟ್ಟೆಬಾಕ, ಇದರಲ್ಲಿ ಒಂದು ಮಾತೂ ನಿಮ್ಮ ಬಾಯಿಂದ ಬರಕೂಡದು.”

“ಒಂದೂ ಬೇಡ್ವಾ ಸಾರ್? ಕಳ್ಳ ಅನ್ನೋದಾದ್ರೂ ಇರ್ಲಿ ಬಿಡಿ. ಅದು ಅಂಥಾ ದೊಡ್ಡ ಬೈಗುಳ ಅಲ್ಲ.”

“ಒಂದೂ ಬೇಡ. ಪೂರ್ತಿ ಮರ್ಯಾದೆ ಕೊಡಿ. ಇಲ್ಲದಿದ್ರೆ ನಾಡಿದ್ದಿನಿಂದ ನೀವು ಉಗ್ರಾಣದಲ್ಲಿ ಕುರ್ಚಿ ಎಣಿಸ್ತಾ ಕೂತಿರ್ತೀರಿ.”

ಸವಾನೆಯ ಭಯಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಕಚೇರಿಯ ಡ್ರೈವರ್ ಡಾಕಾರಿನಿಂದ ಬಂದ ಒಬ್ಬ ದೊಡ್ಡ ಇಂಜಿನಿಯರನ್ನು ಕಂಡು, “ಬಾರೋ ನನ್ನ ಗುಲಾಮ, ಹತ್ತು ಕಾರು” ಎಂದಿದ್ದ. ಇಂಜಿನಿಯರ್ ಬಿದ್ದು ಬಿದ್ದು ನಕ್ಕು ಕಾರು ಹತ್ತಿದ್ದ. ಆದರೆ ಪಕ್ಕದಲ್ಲಿ ಯುರೋಪಿನಿಂದ ಬಂದ ವೀಕ್ಷಕಿಯೊಬ್ಬಳು ನಿಂತಿದ್ದಳು. ಈ ನಾಡಿನಲ್ಲಿ ಸರ್ಕಾರಿ ಡ್ರೈವರುಗಳೂ ಗುಲಾಮರನ್ನು ಇಟ್ಟುಕೊಂಡಿದ್ದಾರೆ, ಅದೂ ಇಂಜಿನಿಯರುಗಳನ್ನು, ಎಂದು ಅವಳು ಹನ್ನೊಂದು ಪುಟದ ವರದಿ ಕಳಿಸಿಬಿಟ್ಟಳು. ಅದಕ್ಕೆ ಉತ್ತರ ಬರೆಯುವುದರಲ್ಲಿ ಸವಾನೆಯ ಇಸ್ತ್ರಿ ಎಲ್ಲ ಸುಕ್ಕಾಗಿ ಹೋಗಿತ್ತು.

ಅವಳಿಗೆ ತಿಳಿಸಿ ಹೇಳುವುದಾದರೂ ಹೇಗೆ? ಒಂದಾನೊಂದು ಕಾಲದಲ್ಲಿ ಅಕ್ಕತಂಗಿಯರಿಬ್ಬರು ಒಂದೇ ದೋಣಿಯಲ್ಲಿ ಹೊರಟರು. ಬಿರುಗಾಳಿಗೆ ದೋಣಿ ಎರಡು ಹೋಳಾಯಿತು. ಉತ್ತರಕ್ಕೆ ತೇಲಿದವಳು ಸೆರೇರರ ಅಜ್ಜಿ, ದಕ್ಷಿಣಕ್ಕೆ ತೇಲಿದವಳು ಜೋಲಾಗಳ ಅಜ್ಜಿ. ದೋಣಿಗೆ ಒಡತಿ ಯಾರು, ನೀರು ಮೊಗೆದು ಚೆಲ್ಲುವ ಕೆಲಸದವಳು ಯಾರು ಎಂಬ ಜಗಳ ಮಾತ್ರ ಇನ್ನೂ ತೀರಿಲ್ಲ. ಆದ್ದರಿಂದ ಎದುರಾದಾಗೆಲ್ಲ ಅವರು ಇವರನ್ನು ಗುಲಾಮ ಎನ್ನಬೇಕು, ಇವರು ಅವರನ್ನು. ಸಿಟ್ಟಾಗುವಂತಿಲ್ಲ, ಕೈ ಎತ್ತುವಂತಿಲ್ಲ. ಒಬ್ಬರು ಬಾಯಿಬಿಟ್ಟು ಕೇಳಿದ್ದನ್ನು ಇನ್ನೊಬ್ಬರು ಇಲ್ಲ ಅನ್ನುವಂತೆಯೂ ಇಲ್ಲ.

ನ್ಯೀಮಾ ಆಗಲಿ ಎಂದು ಒಪ್ಪಿಕೊಂಡಳು. ಉಗ್ರಾಣದ ಭಯಕ್ಕಲ್ಲ. ಈ ಮಾತುಕತೆ ಕೆಡಬಾರದು ಎಂಬುದು ಸವಾನೆಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿತ್ತು.

ಇಷ್ಟಕ್ಕೂ ಎರಡು ದೇಶಗಳ ಜಗಳದ ಮೂಲ ಒಂದು ಹೋರಿ. ಆಚೆಯ ಎಜುಂಬ ಊರಿನ ಹೋರಿ ಗಡಿ ದಾಟಿ ಬಂದು ಈಚೆಯ ಕಾಫುಂಬ ಊರಿನ ಭತ್ತದ ಸಸಿಮಡಿಯನ್ನು ಒಂದೇ ಬೆಳಗಿನಲ್ಲಿ ಬೋಳಿಸಿತು. ಕಾಫುಂಬದ ಪೊಲೀಸರು ಹೋರಿಯನ್ನು ಬಂಧಿಸಿ ಠಾಣೆಯ ಮಾವಿನ ಮರಕ್ಕೆ ಕಟ್ಟಿದರು. ಅದಕ್ಕೆ ಆಚೆಯವರು ಗಡಿಯ ಗೇಟು ಹಾಕಿದರು. ಅವರು ಹಾಕಿದ ಮೇಲೆ ನಾವು ಸುಮ್ಮನಿದ್ದರೆ ಏನು ಮರ್ಯಾದೆ ಎಂದು ಈಚೆಯವರೂ ತಮ್ಮ ಗೇಟು ಹಾಕಿದರು. ಇಪ್ಪತ್ತಮೂರು ದಿನವಾಗಿತ್ತು. ಮೊದಲು ಹೋರಿ ಬಿಡಿ ಎಂದು ಅವರು, ಮೊದಲು ಗೇಟು ತೆಗೆಯಿರಿ ಎಂದು ಇವರು, ಪತ್ರದ ಮೇಲೆ ಪತ್ರ ಬರೆದರು. ಹೋರಿಯಂತೂ ಸರ್ಕಾರದ ಹುಲ್ಲು ಮೆಂದು ದುಂಡಗಾಗಿತ್ತು.

ನ್ಯೀಮಾಳ ಒಬ್ಬಳೇ ಮಗಳು ಸೀರಾ ಇದ್ದದ್ದು ಆ ಎಜುಂಬದಲ್ಲಿ. ಅವಳ ಗಂಡ ವಾಲಿ ತೀನ್ ಅಲ್ಲಿ ಶಾಲೆ ಮಾಸ್ತರು, ಅವನೂ ಸೆರೇರ್. ಮದುವೆಯ ದಿನ ನ್ಯೀಮಾ ಅಳಿಯನ ಇಡೀ ವಂಶವನ್ನು ಹೆಸರು ಹಿಡಿದು ಜಾಲಾಡಿ, ಅವರಿಂದಲೂ ಸರಿಯಾಗಿ ಬೈಸಿಕೊಂಡು, ಖುಷಿಯಾಗಿ ಮನೆಗೆ ಬಂದಿದ್ದಳು. ಗೇಟು ಹಾಕಿದ ಎರಡನೇ ದಿನ ಸೀರಾ ಹೆಣ್ಣುಮಗು ಹೆತ್ತಳು. ವಾರಕ್ಕೆ ನಾಮಕರಣವೂ ಆಯಿತು, ಅಜ್ಜಿಯಿಲ್ಲದೆ.

“ಹೆಸರೇನಿಟ್ರೇ?” ಎಂದು ಫೋನಿನಲ್ಲಿ ಕೇಳಿದರೆ, “ಫೋನಲ್ಲಿ ಹೇಳಲ್ಲ, ಬಂದು ಎತ್ಕೊಂಡು ಕೇಳು” ಎಂದಿದ್ದಳು ಮಗಳು, ಅಳುತ್ತಾ.

ಕಾಡುದಾರಿಯಲ್ಲಿ ನುಸುಳಿದರೆ ಕಾಫುಂಬದಿಂದ ಅರ್ಧ ಗಂಟೆಯ ನಡಿಗೆ. ಆದರೆ ಗಡಿ ಬಾಂಧವ್ಯ ಕಚೇರಿಯ ಹೆಂಗಸೇ ಗಡಿ ನುಸುಳಿ ಸಿಕ್ಕಿಬಿದ್ದಳು ಎಂದಾದರೆ ಹೋರಿಯ ಪಕ್ಕದಲ್ಲೇ ಅವಳನ್ನೂ ಕಟ್ಟುತ್ತಾರೆ. ಹಾಗಾಗಿ ಆ ಮಗುವನ್ನು ಎತ್ತಿಕೊಳ್ಳಲು ಅವಳಿಗೆ ಉಳಿದಿದ್ದ ದಾರಿ ಒಂದೇ. ಈ ಲತೀರ್ ಫಾಯ್ ಸಹಿ ಹಾಕಬೇಕು, ಗೇಟು ತೆರೆಯಬೇಕು. ಅದಕ್ಕೆ ಮರ್ಯಾದೆ ಕೊಡಬೇಕು ಅಂದರೆ ಕೊಟ್ಟೇಬಿಡುವುದು ಎಂದು ನ್ಯೀಮಾ ಹಲ್ಲು ಕಚ್ಚಿ ನಿಶ್ಚಯಿಸಿದಳು.

ಮರುದಿನ ಕಾರಿನಿಂದ ಮೊದಲು ಇಳಿದದ್ದು ಫಾಯ್ ಅವರ ಹೊಟ್ಟೆ, ಹಿಂದೆಯೇ ಅವರು. ಅರವತ್ತು ದಾಟಿದ ಗುಂಡು ಮನುಷ್ಯ. ಬಾಗಿಲಲ್ಲಿ ನಿಂತವಳು ಜೋಲಾ ಎಂದು ಯಾರೋ ದಾರಿಯಲ್ಲೇ ಹೇಳಿದ್ದಿರಬೇಕು, ದೂರದಿಂದಲೇ ಎರಡೂ ಕೈ ಚಾಚಿದರು.

“ಓಹೋ! ನಮ್ಮ ಅಜ್ಜಿ ದೋಣಿಯಲ್ಲಿ ನೀರು ಚೆಲ್ತಿದ್ದವಳ ಮೊಮ್ಮಗಳು ಇವಳೇನಾ? ಇನ್ನೂ ಬದುಕಿದೀಯಾ ಗುಲಾಮಿ? ಈಚಲಮರ ಹತ್ತಿ ಹೆಂಡ ಇಳಿಸೋದು ಬಿಟ್ಟು ಇಲ್ಲೇನು ಮಾಡ್ತಿದೀಯೇ?”

ನ್ಯೀಮಾಳ ನಾಲಿಗೆಯ ತುದಿಗೆ ಏಳು ಉತ್ತರ ಒಟ್ಟಿಗೆ ಬಂದು ತಳ್ಳಾಡಿದವು. ಆ ಹೊಟ್ಟೆಯ ಬಗ್ಗೆಯೇ ಮೂರಿದ್ದವು. ಎಲ್ಲವನ್ನೂ ನುಂಗಿಕೊಂಡು, ತಲೆ ಬಾಗಿಸಿ, “ತಾವು ದಯಮಾಡಿಸಬೇಕು ಸ್ವಾಮಿ. ಪ್ರಯಾಣ ಸುಖವಾಗಿತ್ತೇ?” ಎಂದಳು.

ಫಾಯ್ ಅವರ ಚಾಚಿದ ಕೈ ಹಾಗೇ ನಿಂತಿತು. ಆಕೆಗೆ ಕೇಳಿಸಲಿಲ್ಲವೇನೋ ಎಂದು ಹತ್ತಿರ ಬಂದು, “ನೀನು ಜೋಲಾ ತಾನೇ?” ಎಂದರು.

“ಹೌದು ಸ್ವಾಮಿ. ನ್ಯೀಮಾ ಜಾರ್ಜು ಅಂತ. ತಮ್ಮ ಸೇವೆಗೆ.”

ಫಾಯ್ ಕೈ ಇಳಿಸಿದರು. ಹಿಂದೆ ನಿಂತ ಸವಾನೆಯ ಮುಖ ಮಾತ್ರ ಹಿಗ್ಗಿ ಹೀರೇಕಾಯಿಯಾಗಿತ್ತು. ಈ ಸಲವೂ ಬಂದು ಮೂಲೆಯಲ್ಲಿ ನಿಂತಿದ್ದ ಅದೇ ವೀಕ್ಷಕಿ ಏನೋ ಮೆಚ್ಚಿ ಬರೆದುಕೊಂಡಳು.

ಅಲ್ಲಿಂದ ಎಲ್ಲ ಹದಗೆಡುತ್ತಾ ಹೋಯಿತು. ನ್ಯೀಮಾ ಮೀನಿನ ಬೆನಾಚಿನ್ ಅನ್ನವನ್ನು ದೊಡ್ಡ ತಟ್ಟೆಯಲ್ಲಿ ತಂದಿಟ್ಟು, “ತಾವು ಸಂಕೋಚ ಮಾಡಿಕೊಳ್ಳಬಾರದು” ಎಂದಳು. ಫಾಯ್ ನಾಲ್ಕು ಅಗುಳು ಬಾಯಿಗೆ ಹಾಕಿಕೊಂಡು ಕೈ ತೊಳೆದರು. ಮೂರು ಸುತ್ತಿನಲ್ಲಿ ಕುಡಿಯುವ ಅತ್ತಾಯ ಚಹಾ ಕಾಯಿಸಿ ಕೊಟ್ಟಳು. ಮೊದಲ ಸುತ್ತಿನ ಕಹಿ ಲೋಟ ಕುಡಿದು, ಸಿಹಿಯಾದ ಮೂರನೆಯ ಸುತ್ತಿಗೆ ಕಾಯದೆ ಎದ್ದುಹೋದರು. ಅವಳು ಇನ್ನಷ್ಟು ಬಾಗಿದಳು, ಅವರು ಇನ್ನಷ್ಟು ಬಿಗಿದುಕೊಂಡರು. ಮಾತುಕತೆಯ ಮೇಜಿನಲ್ಲಿ ಹೋರಿಯ ವಯಸ್ಸು, ಬಣ್ಣ, ಅದು ಮಾನಸಿಕವಾಗಿ ಅನುಭವಿಸಿದ ನೋವು ಎಲ್ಲವೂ ಬಂತು. ಗೇಟಿನ ಮಾತು ಬಂದಾಗ ಮಾತ್ರ ಫಾಯ್ ತುಟಿ ಬಿಚ್ಚಲಿಲ್ಲ.

ನ್ಯೀಮಾಳಿಗೆ ಸಂಕಟವಾಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಎಂಥೆಂಥವರನ್ನೋ ಬೈದು ಊಟಕ್ಕೆ ಕೂರಿಸಿದ್ದಳು. ಈ ಮನುಷ್ಯನಿಗೆ ‘ಸ್ವಾಮಿ’ ಅಂದಾಗಲೆಲ್ಲ ಮನೆಗೆ ಬಂದ ಸ್ವಂತ ಅಣ್ಣನನ್ನು ಹೊರಗೆ ನಿಲ್ಲಿಸಿ, ಯಾರು ಬೇಕಿತ್ತು ಎಂದು ಕೇಳಿದಂತಾಗುತ್ತಿತ್ತು.

ಎರಡನೇ ದಿನ ಮಧ್ಯಾಹ್ನ ಫಾಯ್ ಕಡತ ಮಡಿಚಿದರು. “ಮಾತು ಮುಗೀತು. ನಾನು ಹೊರಡ್ತೀನಿ,” ಎಂದವರೇ ಜಗುಲಿಗೆ ಹೋಗಿ ಕಾರಿಗೆ ಕಾಯುತ್ತಾ ಕೂತರು.

ಸವಾನೆ ಅಡುಗೆಮನೆಗೆ ಓಡಿಬಂದ. “ಏನ್ರೀ ಮಾಡಿದ್ರಿ ಅವರಿಗೆ?”

“ನೀವು ಹೇಳಿದ್ದನ್ನೇ ಮಾಡ್ದೆ. ಮರ್ಯಾದೆ ಕೊಟ್ಟೆ.”

“ಮತ್ಯಾಕೆ ಹೀಗಾಡ್ತಿದ್ದಾರೆ?”

“ಸಾರ್, ನಿಮ್ಮ ಹೆಂಡ್ತಿ ಒಂದಿನ ಬೆಳಿಗ್ಗೆ ಎದ್ದು ನಿಮ್ಮನ್ನ ‘ಮಹನೀಯರೇ, ತಿಂಡಿ ಸ್ವೀಕರಿಸಿ’ ಅಂದ್ರೆ ನಿಮಗೆ ಹೇಗನ್ಸುತ್ತೆ?”

ಹಾಗೆ ಆದರೆ ಏನರ್ಥವೆಂದು ಸವಾನೆಗೂ ಗೊತ್ತಿತ್ತು. “ಆದ್ರೆ... ಆ ವೀಕ್ಷಕಿ ಅಲ್ಲೇ ಕೂತಿದ್ದಾಳೆ ಕಣ್ರೀ,” ಎಂದ, ಬೇಡುವವನ ಹಾಗೆ.

“ಕೂತಿರ್ಲಿ. ನಾನು ಬೇಕಾದ್ರೆ ಉಗ್ರಾಣಕ್ಕೆ ಹೋಗ್ತೀನಿ. ನಿಮ್ಮ ಪುಸ್ತಕದಿಂದ ನನ್ನ ಮೊಮ್ಮಗಳು ನನ್ನ ಕೈಗೆ ಬರಲ್ಲ.”

ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು. ಕಾರು ಬಂದು ನಿಂತಿತ್ತು. ಫಾಯ್ ಚೀಲ ಎತ್ತಿಕೊಂಡು ಬೆನ್ನು ತಿರುಗಿಸಿದ್ದರು. ಎರಡು ದಿನ ತಡವಾಗಿದೆ, ಈಗ ಬೈದರೆ ಅದು ನಿಜವಾದ ಬೈಗುಳವೇ ಆಗಿಬಿಟ್ಟರೆ? ಆದದ್ದಾಗಲಿ ಎಂದು ಉಸಿರು ತುಂಬಿಕೊಂಡಳು.

“ಏಯ್ ಗುಲಾಮ!”

ಜಗುಲಿಯಲ್ಲಿದ್ದ ವೀಕ್ಷಕಿಯ ಪೆನ್ನು ಪುಸ್ತಕದ ಮೇಲೆ ಇಳಿಯಿತು. ಸವಾನೆ ಕಂಬ ಹಿಡಿದುಕೊಂಡ.

“ನಿನ್ನನ್ನೇ ಕಣೋ ಡೊಳ್ಳುಹೊಟ್ಟೆ! ಯಾರನ್ನ ಕೇಳಿ ಎದ್ದೆ? ಒಡತಿ ಅಪ್ಪಣೆ ಕೊಡದೆ ಗುಲಾಮ ಊರಿಗೆ ಹೊರಡೋ ಕಾಲ ಬಂತಾ? ಬಿಚ್ಚು ಆ ಚೀಲ, ನಮ್ಮ ಚಮಚ ಎಷ್ಟು ಕದ್ದಿದೀಯ ನೋಡೋಣ!”

ಫಾಯ್ ತಿರುಗಲಿಲ್ಲ. ಮೊದಲು ಅವರ ಭುಜ ಅಲುಗಿತು. ಆಮೇಲೆ ಬೆನ್ನು, ಆಮೇಲೆ ಆ ಇಡೀ ಹೊಟ್ಟೆ. ತಿರುಗಿದಾಗ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

“ಎರಡು ದಿನ! ಎರಡು ದಿನ ಈ ಬಾಯಿನ ಎಲ್ಲಿ ಅಡವಿಟ್ಟಿದ್ದೇ ಹೆಂಡಗುಡುಕಿ? ಜೋಲಾ ಹೆಂಗಸು ನಂಗೆ ಬಾಗಿ ನಮಸ್ಕಾರ ಮಾಡಿದ್ಲು, ಇವರು ನಮ್ಮ ಮೇಲೆ ಯುದ್ಧಕ್ಕೆ ಬರೋದು ಖಂಡಿತ ಅಂತ ನಿನ್ನೆನೇ ಡಾಕಾರಿಗೆ ಫೋನ್ ಮಾಡಿದೀನಿ! ರಾತ್ರಿ ನಿದ್ದೆ ಬರ್ಲಿಲ್ಲ. ಹಸಿವು ಬೇರೆ.”

“ಹಸಿದಿದ್ರೆ ಕದ್ದು ತಿನ್ಬೇಕಿತ್ತು. ನಿಮ್ಮ ಜನಕ್ಕೆ ಅದೇನು ಹೊಸದಾ? ಬಾ, ಕೂತ್ಕೋ. ಒಂದು ಕೇಳ್ತೀನಿ, ಇಲ್ಲ ಅನ್ನೋ ಹಾಗಿಲ್ಲ. ನಿಮ್ಮ ಗೇಟು ತೆಗಿ.”

ಫಾಯ್ ಕೂತರು. “ತೆಗಿತೀನಿ. ನಾನೂ ಒಂದು ಕೇಳ್ತೀನಿ. ನಮ್ಮ ಹೋರಿ ಬಿಡು.”

“ಬಿಡ್ತೀನಿ. ಆದ್ರೆ ಗುಲಾಮ ಮೊದ್ಲು ಕೆಲಸ ಮಾಡ್ಬೇಕು.”

“ಅದನ್ನೇ ನಾನು ಹೇಳ್ತಿರೋದು. ಮೊದ್ಲು ನೀನು ಮಾಡು.”

“ಗುಲಾಮ ನೀನು!”

“ನೀನು!”

ಮತ್ತೆ ಅಲ್ಲಿಗೇ ಬಂತಲ್ಲ ಎಂದು ಸವಾನೆ ಕಣ್ಣು ಮುಚ್ಚಿದ. ನ್ಯೀಮಾ ಸೊಂಟದ ಮೇಲೆ ಕೈಯಿಟ್ಟಳು.

“ಸರಿ, ಇಬ್ಬರೂ ಒಟ್ಟಿಗೆ. ಹೋರಿ ಹಗ್ಗ ಹಿಡ್ಕೊಂಡು ನಾನು ಬರ್ತೀನಿ. ಗೇಟಿನ ಹಗ್ಗ ನೀನೇ ಎಳಿಬೇಕು, ಪೊಲೀಸರಲ್ಲ. ಹೋರಿ ಮೂಗು ಬರೋ ಹೊತ್ತಿಗೆ ಗೇಟು ಮೇಲಿರ್ಬೇಕು. ನೋಡಿದವರು ಯಾರು ಯಾರ ಗುಲಾಮ ಅಂತ ಅವರೇ ಹೇಳ್ಲಿ.”

“ನಾನು ಗೇಟು ಎಳೆಯೋದಾ? ಈ ವಯಸ್ಸಲ್ಲಿ?”

“ಕೇಳಿದ್ದಕ್ಕೆ ಇಲ್ಲ ಅಂತೀಯಾ?”

ಫಾಯ್ ಎರಡೂ ಕೈ ಎತ್ತಿದರು. “ಇಲ್ಲ ಅನ್ನೋಕಾಗುತ್ತಾ? ಮೊದ್ಲು ಅನ್ನ ಹಾಕು.”

ತಟ್ಟೆ ಬರಿದಾಯಿತು, ಇನ್ನೊಂದು ತಟ್ಟೆಯೂ ಬರಿದಾಯಿತು. ಚಹಾದ ಮೂರೂ ಸುತ್ತು ಮುಗಿದ ಮೇಲೆ ಸಹಿ ಬಿತ್ತು. ವೀಕ್ಷಕಿ ಮೆಲ್ಲಗೆ ಸವಾನೆಯ ಬಳಿ ಬಂದು, ಆ ಹಿರಿಯರು ನಿಜವಾಗಿಯೂ ಈ ಹೆಂಗಸಿನ ಆಳೇ ಎಂದು ಕೇಳಿದಳು. ಎಂಟು ವರ್ಷ ಓದಿದ್ದ ಸವಾನೆ ಒಂದು ಗಳಿಗೆ ಯೋಚಿಸಿ, “ಅದು ಎರಡು ದೇಶಗಳ ನಡುವಿನ ಅತ್ಯಂತ ಹಳೆಯ ಒಪ್ಪಂದ. ಒಂದು ದೋಣಿಯ ವಿಚಾರ, ಇನ್ನೂ ಇತ್ಯರ್ಥವಾಗಿಲ್ಲ,” ಎಂದ. ಪತ್ರಿಕಾ ಹೇಳಿಕೆಯಲ್ಲಿ ಮಾತುಕತೆ ಮುಕ್ತ ಹಾಗೂ ಸೌಹಾರ್ದಯುತ ವಾತಾವರಣದಲ್ಲಿ ನಡೆಯಿತೆಂದು ಬರೆದ. ಅವನು ಬರೆದವುಗಳಲ್ಲಿ ಅಷ್ಟು ಸತ್ಯವಾದದ್ದು ಇನ್ನೊಂದಿಲ್ಲ.

ಮೂರನೆಯ ದಿನ ಕಾಫುಂಬದ ಗಡಿಯಲ್ಲಿ ಎರಡೂ ಊರು ನೆರೆದಿದ್ದವು. ಆಚೆ ಲತೀರ್ ಫಾಯ್ ಕೋಟು ಬಿಚ್ಚಿ, ಗೇಟಿನ ಹಗ್ಗಕ್ಕೆ ಹೊಟ್ಟೆ ಆನಿಸಿ ನಿಂತಿದ್ದರು. ಈಚೆಯಿಂದ ನ್ಯೀಮಾ, ಸಹಿ ಬಿದ್ದ ಮೇಲೆ ತೆರೆದಿದ್ದ ತಮ್ಮ ಗೇಟು ದಾಟಿ, ಹೋರಿಯನ್ನು ಎಳೆಯುತ್ತಾ ಬಂದಳು. ಸರ್ಕಾರಿ ಹುಲ್ಲಿನ ರುಚಿ ಹತ್ತಿದ್ದ ಹೋರಿಗೆ ತಾಯ್ನಾಡಿಗೆ ಹೋಗುವ ಆಸೆಯೇ ಇರಲಿಲ್ಲ. ಹತ್ತು ಹೆಜ್ಜೆ ಇರುವಾಗ ಅದು ಮೊಂಡುಬಿದ್ದು ನಿಂತಿತು.

“ಎಳಿಯೇ ಗುಲಾಮಿ!” ಎಂದು ಫಾಯ್ ಕೂಗಿದರು.

“ನೀನು ಎತ್ತೋ ಮೊದ್ಲು, ಕಳ್ಳ!”

ಗೇಟು ಕಿರುಗುಟ್ಟುತ್ತಾ ಮೇಲೇರಿತು. ಅದರ ಹಿಂದೆ ಸೀರಾ ಕಾಣಿಸಿದಳು, ತೋಳಿನಲ್ಲಿ ಬಟ್ಟೆ ಸುತ್ತಿದ ಸಣ್ಣ ಗಂಟು. ನ್ಯೀಮಾ ಹೋರಿಯ ಹಗ್ಗ ಅಲ್ಲೇ ಬಿಸಾಕಿ ಓಡಿದಳು. ಎರಡು ದೇಶಗಳ ಪೊಲೀಸರು ಹೋರಿಯ ಹಿಂದೆ ಬಿದ್ದದ್ದನ್ನು ಅವಳು ನೋಡಲೂ ಇಲ್ಲ. ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಇಪ್ಪತ್ತಾರು ದಿನದ ಬಾಕಿಯೆಲ್ಲ ತೀರುವಂತೆ ಅದರ ನೆತ್ತಿ ಮೂಸಿದಳು.

“ಈಗಾದ್ರೂ ಹೇಳೇ. ಏನಿಟ್ರಿ ಹೆಸರು?”

“ನ್ಯೀಮಾ,” ಎಂದಳು ಸೀರಾ. “ನ್ಯೀಮಾ ತೀನ್. ನಿನ್ನ ಅಳಿಯನೇ ಹಟ ಹಿಡಿದ.”

ಸುತ್ತಲಿನವರೆಲ್ಲ ಹತ್ತಿರ ಸರಿದರು. ಫಾಯ್ ಕೂಡ ಹಗ್ಗ ಹಿಡಿದುಕೊಂಡೇ ಕತ್ತು ಚಾಚಿದರು. ನ್ಯೀಮಾ ಮಗುವನ್ನು ಮುಖದ ಎದುರು ಎತ್ತಿ ಹಿಡಿದಳು. ತಂದೆಯ ಕುಲ, ಸೆರೇರ್ ಕೂಸು, ಅದೇ ಗುಂಡು ಹೊಟ್ಟೆ. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಸೆರೇರ್ ಬುದ್ಧಿ ತೋರಿಸಿಬಿಟ್ಯಲ್ಲೇ ಕಳ್ಳಿ,” ಎಂದಳು. “ಹುಟ್ಟಿ ತಿಂಗಳು ತುಂಬಿಲ್ಲ, ಆಗ್ಲೇ ನನ್ನ ಹೆಸರು ಕದ್ದಿದೀಯ!”