ಲೋಹದ ಮಂಡಿಗೆ ಊರ ಕಾಯಿಲೆಯೇ?

ಮಹಿಳಾ ಸಮಿತಿ ತಪಾಸಣೆಗೆ ಹೊರಟಿತೆಂದರೆ ಸಮೋವಾ ದ್ವೀಪದ ನಮ್ಮೂರಲ್ಲಿ ಗಂಡಸರೂ ಎದ್ದು ಪಾಯಿಖಾನೆ ತೊಳೆಯುತ್ತಾರೆ. ಯಾಕೆಂದರೆ ಸಮಿತಿಯ ಮುಂದೆ ನಡೆಯುವವಳು ನನ್ನ ಓರಗಿತ್ತಿ ಫುವಾತಿನೊ. ಕೈಯಲ್ಲಿ ಬೆತ್ತ, ಬಾಯಲ್ಲಿ ಬೆಂಕಿ. ಚಾಪೆ ಎತ್ತಿ ನೋಡುತ್ತಾಳೆ, ಸೊಳ್ಳೆಪರದೆಯಲ್ಲಿ ತೂತು ಹುಡುಕುತ್ತಾಳೆ. ಹಂದಿ ಬೇಲಿ ದಾಟಿ ಬಂದಿತ್ತೋ, ಅದರ ಯಜಮಾನನಿಗೆ ಚಳಿ ಬಿಡಿಸುತ್ತಾಳೆ. ಸವೆದುಹೋಗಿದ್ದ ಬಲಮಂಡಿಯನ್ನು ಆಕ್ಲೆಂಡಿನಲ್ಲಿ ತೆಗೆಸಿ, ಹೊಸದು ಹಾಕಿಸಿಕೊಂಡು ಬಂದ ಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ.

ಅಂಥವಳು ಆ ಸಲದ ತಪಾಸಣೆಗೆ ಬರಲೇ ಇಲ್ಲ. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಚಾಪೆಯ ಮೇಲೆ ಕಾಲು ಚಾಚಿ ನರಳುತ್ತಿದ್ದಾಳೆ. ಬಲಮಂಡಿ ದೀವಿಹಲಸಿನ ಹಾಗೆ ಊದಿದೆ. ಮುಟ್ಟಿದರೆ ಕೆಂಡ.

"ಏನಕ್ಕಾ ಇದು?"

"ಏನಿಲ್ಲ ಕಣೇ ತೆಲೇಸಿಯಾ. ಸಂಜೆ ಹೊತ್ತು ದಡದಲ್ಲಿ ಕೂತಿದ್ದೆ, ಗಾಳಿ ಸೋಕಿದೆ. ಊರ ಕಾಯಿಲೆ."

"ಪಾದಕ್ಕೆ ಯಾಕೆ ಬಟ್ಟೆ ಸುತ್ತಿದೀಯ?"

"ಆಕ್ಟೋಪಸ್ ಹಿಡಿಯೋಕೆ ಹೋಗಿದ್ನಲ್ಲ, ಹವಳ ಕೊಯ್ತು. ಅದು ಬೇರೆ, ಇದು ಬೇರೆ."

ಬಟ್ಟೆ ಬಿಚ್ಚಿದೆ. ಅಂಗಾಲಲ್ಲಿ ಕೀವು! ಸಕ್ಕರೆ ಕಾಯಿಲೆಯವಳು, ಪಾದದ ನೋವು ಅವಳಿಗೆ ಗೊತ್ತೇ ಆಗಿಲ್ಲ.

"ಜ್ವರ ಇದೆಯಾ?"

"ಇತ್ತು. ಮೊಮ್ಮಗನ ಕಿವಿಸೋರಿಗೆ ತಂದಿದ್ದ ಮಾತ್ರೆ ಉಳಿದಿತ್ತು, ನುಂಗಿದೆ. ಇಳೀತು. ನಿನ್ನೆಯಿಂದ ಮತ್ತೆ ಏರಿದೆ."

"ಊರವರ ಪಾಯಿಖಾನೆಗೆಲ್ಲ ಇಣುಕ್ತೀಯ, ನಿನ್ನ ಪಾದ ನೋಡ್ಕೊಳೋಕೆ ಆಗಲಿಲ್ವಾ ನಿಂಗೆ?" ಎಂದು ರೇಗಿದೆ. ರೇಗಿದ್ದು ಸಿಟ್ಟಿಗಲ್ಲ, ಹೆದರಿಕೆಗೆ.

ನಮ್ಮ ಸಮೋವಾದಲ್ಲಿ ಕಾಯಿಲೆ ಎರಡು ಬಗೆ. ಬಿಳಿಯರ ಕಾಯಿಲೆಗೆ ಆಸ್ಪತ್ರೆ, ದೆವ್ವ ಗಾಳಿ ಸೋಕಿ ಬರುವ ಊರ ಕಾಯಿಲೆಗೆ ನೀವುವ ಅಜ್ಜಿ. ಊರ ಕಾಯಿಲೆ ಬಂದವರಿಗೆ ಸೂಜಿ ಚುಚ್ಚಿಸಿದರೆ ಪ್ರಾಣವೇ ಹೋಗುತ್ತದೆ ಅಂತ ಹಿರಿಯರು ಹೇಳಿಬಿಟ್ಟಿದ್ದಾರೆ. ಫುವಾತಿನೊಳ ಗಂಡ ಔಕುಸೊ ಭಾವನಿಗೂ ಅದೇ ದಿಗಿಲು.

"ಮತಿಲೆ ಅಜ್ಜಿಗೆ ಹೇಳಿ ಕಳಿಸಿದೀನಮ್ಮಾ. ನೀವಲಿ. ಕಮ್ಮಿ ಆಗದಿದ್ರೆ ಸೋಮವಾರ ನೋಡೋಣ. ನಾಳೆ ಹೇಗೂ ಭಾನುವಾರ."

"ಭಾನುವಾರ ಅಂತ ಕ್ರಿಮಿ ಕೆಲಸ ಬಿಟ್ಟು ಚರ್ಚಲ್ಲಿ ಕೂತಿರುತ್ತಾ ಭಾವ?"

ಅಷ್ಟರಲ್ಲಿ ಮತಿಲೆ ಅಜ್ಜಿ ಎಣ್ಣೆ ಬಾಟಲಿ ಹಿಡಿದು ಬಂದಳು. ನಮ್ಮೂರಲ್ಲಿ ಆಕೆಯ ಕೈ ಬೀಳದ ಬೆನ್ನಿಲ್ಲ. ಇನ್ನೇನು, ನೀವಿಯೇ ಬಿಡುತ್ತಾಳೆ ಎಂದುಕೊಂಡೆ. ಅಜ್ಜಿ ಮಂಡಿಯ ಮೇಲೆ ಅಂಗೈ ಇಟ್ಟಳು. ಇಟ್ಟವಳೇ ತೆಗೆದಳು. ಬಾಟಲಿಯ ಮುಚ್ಚಳ ಬಿಚ್ಚಲೇ ಇಲ್ಲ.

"ಇದನ್ನ ನಾನು ನೀವೋದಿಲ್ಲ."

"ಅಯ್ಯೋ ಅಜ್ಜೀ, ಊರ ಕಾಯಿಲೆ ಅಲ್ವಾ?" ಎಂದಳು ಫುವಾತಿನೊ.

"ಯಾರ ಮಂಡೀನೇ ಇದು?"

"ನಂದೇ!"

"ನಿಂದನ್ನ ಆಕ್ಲೆಂಡಲ್ಲೇ ತೆಗೆದು ಬಿಸಾಕಿದ್ರಲ್ಲ. ಇದು ಬಿಳಿಯರು ಮಾಡಿದ ಮಂಡಿ. ನಮ್ಮೂರ ದೆವ್ವಕ್ಕೆ ಇದರ ಪರಿಚಯವೇ ಇಲ್ಲ, ಇದಕ್ಕೆಲ್ಲಿಂದ ಬರುತ್ತೆ ಊರ ಕಾಯಿಲೆ? ನನ್ನ ಕೈಗೆ ಮೂಳೆ ಗೊತ್ತು, ನರ ಗೊತ್ತು. ಲೋಹ ಗೊತ್ತಿಲ್ಲ. ಒಳಗೆ ಕೀವಿದ್ರೆ ನೀವಿ ನೀವಿ ನಾನೇ ಹಬ್ಬಿಸಿಬಿಡ್ತೀನಿ. ಈ ವಯಸ್ಸಲ್ಲಿ ಆ ಪಾಪ ನಂಗ್ಯಾಕೆ? ಏಳು, ಹಡಗು ಹಿಡಿ!"

ಆಗ ಫುವಾತಿನೊ ಅತ್ತಳು. ಊರನ್ನೇ ನಡುಗಿಸುವವಳು ನಾನು ಸೊಂಟಕ್ಕೆ ಸುತ್ತಿದ್ದ ಲಾವಲಾವ ಬಟ್ಟೆಯ ತುದಿ ಹಿಡಿದುಕೊಂಡು ಅತ್ತಳು.

"ಕಾಲು ಕತ್ತರಿಸಿಬಿಡ್ತಾರೆ ಕಣೇ. ಆಮೇಲೆ ಸಮಿತಿ ಮುಂದೆ ಹೇಗೆ ನಡೀಲಿ?"

ಅದು ಅಳುತ್ತ ಕೂರುವ ಹೊತ್ತಲ್ಲ. "ಇವತ್ತು ಹೋದ್ರೆ ಕಾಲು ಉಳಿಯಬಹುದು. ಸೋಮವಾರ ಅಂದ್ರೆ ಕಾಲಿರಲಿ, ನೀನೇ ಇರ್ತೀಯೋ ಇಲ್ವೋ! ಭಾವ, ಗಾಡಿ ತೆಗೀರಿ" ಎಂದೆ. ಭಾವ ಗಾಡಿ ತೆಗೆದರು. ಹಡಗು ಹತ್ತಿ ಆಚೆ ದ್ವೀಪದಲ್ಲಿರುವ ಆಪಿಯಾದ ದೊಡ್ಡಾಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಮೊದಲು ಕೇಳಿದ್ದೇ, "ಏನಾದ್ರೂ ಮಾತ್ರೆ ತಗೊಂಡಿದ್ರಾ?" ಅಕ್ಕ ತಲೆ ತಗ್ಗಿಸಿ ನಿಜ ಹೇಳಿದಳು. ಮಂಡಿಯೊಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು.

"ಪಾದದ ಗಾಯದಿಂದ ಕ್ರಿಮಿ ರಕ್ತಕ್ಕಿಳಿದು ಮಂಡಿ ಸೇರಿದ ಹಾಗಿದೆ" ಎಂದರು ಡಾಕ್ಟರಮ್ಮ. "ನಮ್ಮ ಮೈಯಲ್ಲಿ ರಕ್ತ ಹರಿಯೋ ಕಡೆ ಕ್ರಿಮಿ ಜೊತೆ ಕಾದಾಟ ನಡೆಯುತ್ತೆ. ಲೋಹದಲ್ಲಿ ರಕ್ತ ಎಲ್ಲಿದೆ? ಕ್ರಿಮಿ ಅದಕ್ಕೆ ಅಂಟಿ, ಮೇಲೆ ಲೋಳೆ ಹೊದ್ದು ಕೂತುಬಿಡುತ್ತೆ, ಬಂಡೆಗೆ ಪಾಚಿ ಹಿಡಿದ ಹಾಗೆ. ಆಮೇಲೆ ಬರೀ ಮಾತ್ರೆಗೆ ಬಗ್ಗಲ್ಲ. ನೀವು ನುಂಗಿದ ಉಳಿಕೆ ಮಾತ್ರೆ ಜ್ವರ ಮುಚ್ಚಿಟ್ಟಿದೆ ಅಷ್ಟೇ. ಯಾವ ಕ್ರಿಮಿ ಅಂತ ಪರೀಕ್ಷೇಲಿ ಸಿಗೋದೂ ಕಷ್ಟ ಆಗುತ್ತೆ."

"ಕಾಲು ಕತ್ತರಿಸ್ತೀರಾ?" ಎಂದಳು ಅಕ್ಕ.

"ಬೇಗ ಬಂದಿದೀರಿ. ಮಂಡಿ ತೆರೆದು ತೊಳೀತೀವಿ, ನಡುವಿನ ಪ್ಲಾಸ್ಟಿಕ್ ಬಿಲ್ಲೆ ಬದಲಾಯಿಸ್ತೀವಿ. ಲೋಹ ಉಳಿಸೋಕೆ ನೋಡ್ತೀವಿ. ತಡ ಮಾಡಿದ್ರೆ ಅದನ್ನೂ ಕೀಳಬೇಕಾಗ್ತಿತ್ತು."

ಲೋಹ ಉಳಿಯಿತು. ಸುಲಭಕ್ಕೆ ಉಳಿಯಲಿಲ್ಲ. ವಾರಗಟ್ಟಲೆ ನರಕ್ಕೆ ಔಷಧಿ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ವಾಂತಿ ಬಂದರೂ ಡಾಕ್ಟರಮ್ಮನನ್ನು ಕೇಳದೆ ಅಕ್ಕ ಒಂದು ಮಾತ್ರೆಯನ್ನೂ ಬಿಡಲಿಲ್ಲ. "ಕ್ರಿಮಿಗೆ ಹಟ ಇದ್ರೆ ನಂಗಿಲ್ವಾ?" ಎನ್ನುತ್ತಿದ್ದಳು.

ಮೊನ್ನೆ ಸಮಿತಿ ಮತ್ತೆ ತಪಾಸಣೆಗೆ ಹೊರಟಿತು. ಬೆತ್ತ ಹಿಡಿದು ಮುಂದೆ ನಡೆದವಳು ಫುವಾತಿನೊ. ಮೊದಲ ಮನೆ ನನ್ನದೇ.

"ಪಾಯಿಖಾನೆ ಸರಿ. ಪರದೆ ಸರಿ. ಈಗ ಅಂಗಾಲು ತೋರಿಸು."

"ನಂಗೆ ಹೊಸ ಮಂಡಿ ಇಲ್ವಲ್ಲಕ್ಕಾ!"

"ಗಾಯ ಮುಚ್ಚಿಡೋ ಬುದ್ಧಿ ಎಲ್ರಿಗೂ ಇದೆ. ತೋರಿಸು!"

ತೋರಿಸಿದೆ. ಏನು ಮಾಡಲಿ?

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಸ ಮಂಡಿ, ಹೊಸ ಸೊಂಟ ಹಾಕಿದ್ದಾರೆಯೇ? ಹಾಕಿಸಿ ವರ್ಷಗಳೇ ಆಗಿರಲಿ, ಆ ಜಾಗ ಬಿಸಿಯಾದರೆ, ಕೆಂಪಾದರೆ, ಊದಿದರೆ, ಹೊಲಿಗೆಯ ಜಾಗ ಒಸರಿದರೆ, ಹೊಸದಾಗಿ ನೋವು ಬಂದು ಜ್ವರ ಕಾಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗೆ ಹಾಕಿಸಿದ ಕೀಲಿದೆ ಎಂದು ಮೊದಲೇ ಹೇಳಿ. ನೀವಿಸಬೇಡಿ, ಉಳಿದ ಮಾತ್ರೆ ನುಂಗಬೇಡಿ. ಸಣ್ಣ ಗಾಯವಾದರೂ ತೊಳೆದು ಮುಚ್ಚಿ, ಮಾಯದಿದ್ದರೆ ತೋರಿಸಿ. ಸಕ್ಕರೆ ಕಾಯಿಲೆಯಿದ್ದರೆ ದಿನವೂ ಪಾದ ನೋಡಿಕೊಳ್ಳಿ. ಸೋಮವಾರ ನೋಡೋಣ ಎಂದು ಮಾತ್ರ ಅನ್ನಬೇಡಿ. ನಾವು ಶನಿವಾರವೇ ಹೊರಟದ್ದಕ್ಕೆ ನಮ್ಮಕ್ಕ ಇವತ್ತು ಎರಡೂ ಕಾಲಲ್ಲಿ ನಡೆದು ಬಂದು ನನ್ನನ್ನು ಬೈಯುತ್ತಿದ್ದಾಳೆ.